ಕಾಲು ಬಂದಾವೇನಪ

ಸುಭಾಸ ಸ್ಟುಡಿಯೋದ ಗೋಡೆಗೆ ಅಂಟಿಸಿದ ಚೀಟಿಯೇ ಎಲ್ಲ ರಂಪಕ್ಕೂ ಕಾರಣ. ಫೋಟೋ ಹಾಕಿಕೊಡುವ ಲಕೋಟೆಯ ಹಿಂಬದಿಗೆ ಅವನು ದಪ್ಪಕ್ಷರದಲ್ಲಿ ಬರೆದಿದ್ದ: ಒಂದೇ ರೋಲು, ಮೂವತ್ತಾರೇ ಫೋಟೋ. ನಮ್ಮ ಓಣಿ ದಾಟಬಾರದು. ಯಾರನ್ನೂ ನಿಲ್ಲಿಸಿ ತೆಗೆಯಬಾರದು. ಒಬ್ಬರೂ ಕ್ಯಾಮೆರಾ ನೋಡಿರಬಾರದು.

ಬೈಲಹೊಂಗಲದಲ್ಲಿ ಹನ್ನೆರಡು ವರ್ಷದಿಂದ ಸ್ಟುಡಿಯೋ ಇಟ್ಟವನು. ಪಾಸ್‌ಪೋರ್ಟ್ ಸೈಜು, ಮದುವೆ, ಮತ್ತೆ ಪಾಸ್‌ಪೋರ್ಟ್ ಸೈಜು. ಕೈಗೆ ಜಂಗು ಹಿಡಿದಿತ್ತು. ತೊಂಬತ್ತೇಳರಲ್ಲಿ ಬೆಳಗಾವಿಯವರು ಯಾರೋ ‘ನಮ್ಮೂರು’ ಅಂತ ಫೋಟೋ ಸ್ಪರ್ಧೆ ಇಟ್ಟಾಗ ಕಿತ್ತೂರು ಕೋಟೆ, ಸವದತ್ತಿ ಗುಡ್ಡ ಎಲ್ಲ ಸುತ್ತಿ ಬಂದ. ತೆಗೆದದ್ದೆಲ್ಲ ಗೊಬ್ಬರದಂಗಡಿಯ ಕ್ಯಾಲೆಂಡರಿನ ಹಾಗೆ ಬಂತು. ಹೊರಗೆ ಅಲೆಯುವುದು ಬಿಟ್ಟು ತನ್ನನ್ನು ತಾನೇ ಕಟ್ಟಿಹಾಕಿಕೊಂಡರೆ ಕಣ್ಣು ಚುರುಕಾದೀತು ಎಂದು ಆಗ ಹೊಳೆಯಿತು. ಈ ಸಲವೂ ಆಗದಿದ್ದರೆ ತಾನು ಬರೀ ಗುಂಡಿ ಒತ್ತುವವನು ಎಂದು ಒಪ್ಪಿಕೊಳ್ಳುವುದಾಗಿ ಹೆಂಡತಿ ಮೀನಾಳಿಗೆ ಹೇಳಿಬಿಟ್ಟ. ಚೀಟಿ ಅಂಟಿಸಿದ ಮಾರನೆಯ ದಿನವೇ ಫೋಟೋ ಕಳಿಸಲು ಕಡೆಯ ದಿನ.

“ಚೀಟಿ ನೀವು ಓದೇರಿ. ಓಣ್ಯಾಗಿನ ಮಂದಿ ಓದ್ಯಾರೇನು?” ಎಂದಳು ಮೀನಾ.

ಅವಳ ಮಾತು ಹತ್ತೇ ನಿಮಿಷದಲ್ಲಿ ನಿಜವಾಯಿತು. ಎದುರುಮನೆಯ ಮಡಿವಾಳೆಪ್ಪ ಬನಿಯನ್ನಿನ ಮೇಲೆ ಬಾಗಿಲಲ್ಲಿ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ. ಬೆಳಗಿನ ಬಿಸಿಲು ಅವನ ಬೆನ್ನ ಮೇಲೆ ಬಿದ್ದು ಬಹಳ ಚೆನ್ನಾಗಿತ್ತು. ಸುಭಾಸ ಒತ್ತುವುದಕ್ಕೂ ಅವನು ಎದ್ದು ನೆಟ್ಟಗೆ ನಿಲ್ಲುವುದಕ್ಕೂ ಸರಿಹೋಯಿತು.

“ಕುಂತಿರ್ರಿ ಕಾಕಾ. ಹಂಗ ಬೀಜ ಬಿಡಸ್ರಿ.”

“ಬನಿಯನ್ ಮ್ಯಾಲ? ನಾ ಏನು ದಿಕ್ಕಿಲ್ಲದಾಂವನ? ಬೈಲಹೊಂಗಲದಾಗ ಅಂಗಿ ಸಿಗೂದಿಲ್ಲೇನ್ ಅಂತಾರ ಬೆಳಗಾವ್ಯಾಗ. ತಡಿ, ಕೋಟ್ ಹಾಕ್ಕೊಂಡ ಬರ್ತೇನಿ.”

ಆದರೆ ಕೋಟಿದ್ದ ಟ್ರಂಕಿನ ಕೀಲಿ ನೇಸರಗಿಗೆ ಹೋದ ಅವನ ಹೆಂಡತಿಯ ಸೆರಗಿನಲ್ಲಿತ್ತು. ಅವಳು ಬರುವುದು ಸಂಜೆ ಐದರ ಬಸ್ಸಿಗೆ.

ಪಕ್ಕದ ಕಟ್ಟೆಯ ಮೇಲೆ ಸಾವಂತ್ರೆವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಎಪ್ಪತ್ತು ದಾಟಿದ ಮುದುಕಿ. ಕಾಳಿನ ಮೇಲೆ ಬಗ್ಗಿದರೆ ಜಗತ್ತಿನ ಖಬರಿಲ್ಲ. ಕ್ಯಾಮೆರಾ ಕಂಡರೆ ಮಾತ್ರ ಮೊರ ಬದಿಗಿಟ್ಟು, ಸೆರಗು ಹೊದ್ದು, ಕೈ ಎರಡೂ ತೊಡೆಗೆ ಅಂಟಿಸಿ, ಕಣ್ಣು ಬಿಟ್ಟು ನಿಲ್ಲುತ್ತಿದ್ದಳು. ಫೋಟೋದಲ್ಲಿ ಕಾಲು ಕತ್ತರಿಸಿದರೆ ಕೇಡು ಎಂಬುದು ಅವಳ ಖಾತ್ರಿ.

“ಕಾಲು ಬಂದಾವೇನಪ?”

“ಬಂದಾವ ಯವ್ವಾ. ನೀ ಜೋಳಾ ನೋಡು, ನನ್ನ ನೋಡಬ್ಯಾಡ.”

“ನಿನ್ನ ಬಿಟ್ಟು ಜೋಳಾ ನೋಡಿದ್ರ ಮರ್ಯಾದಿ ಅಲ್ಲಪ.”

ಹೀಗೆ ಹನ್ನೊಂದು ಫೋಟೋ ಸಾವಂತ್ರೆವ್ವನ ಕಾಲಿಗೇ ಹೋದವು. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಹಬ್ಬಿ ಸೋಮವ್ವ ಹೊಸ ಸೀರೆ ಉಟ್ಟಳು, ಮೂಲೆಮನೆಯ ಬಾಳು ತನ್ನ ಎಮ್ಮೆಗೆ ಎಣ್ಣೆ ಸವರಿ ಎಳೆದುಕೊಂಡು ಬಂದ. ಸುಭಾಸ ಕಿಟಕಿಯ ಸಂದಿಯಿಂದ ತೆಗೆದರೆ ಕಿಟಕಿಯನ್ನೇ ದಿಟ್ಟಿಸಿದರು. ಚಕ್ಕಡಿ ಗಾಡಿಯ ಹಿಂದೆ ಅಡಗಿದರೆ ಚಕ್ಕಡಿಯ ಮುಂದೆ ಸಾಲಾಗಿ ನಿಂತರು. ಎಮ್ಮೆ ಕೂಡ ಕ್ಯಾಮೆರಾವನ್ನೇ ನೋಡಿತು. ಒಬ್ಬ ಮನುಷ್ಯ ತನ್ನ ಓಣಿಯಲ್ಲಿ ತನ್ನ ಪಾಡಿಗೆ ಒಂದು ಫೋಟೋ ತೆಗೆಯಬಾರದೆಂದರೆ ಇದೆಂಥ ಅನ್ಯಾಯ ಎಂದು ಅವನ ಮೈ ಉರಿಯಿತು.

ಐದೂವರೆಗೆ ಉಳಿದದ್ದು ಒಂದೇ ಫೋಟೋ. ಸಂಜೆಯ ಬಿಸಿಲಲ್ಲಿ ಸಾವಂತ್ರೆವ್ವ ಅವನನ್ನು ಮರೆತು ಜೋಳದ ಮೇಲೆ ಬಗ್ಗಿದ್ದಳು. ಓಣಿಯ ಈಚೆ ಬದಿಗೆ ಕುಕ್ಕರುಗಾಲಲ್ಲಿ ಕುಳಿತ ಸುಭಾಸ ದೂರ, ಬೆಳಕು ಎಲ್ಲ ಹೊಂದಿಸಿ ಉಸಿರು ಬಿಗಿಹಿಡಿದ. ಅಷ್ಟರಲ್ಲಿ ಓಣಿಯ ನಟ್ಟನಡುವೆ ಒಂದು ಕಬ್ಬಿಣದ ಕುರ್ಚಿ ಬಂದು ಕುಳಿತಿತು. ಅದರ ಮೇಲೆ ಮದುವೆಯ ಕೋಟು ತೊಟ್ಟು, ವಾಚು ಕಾಣುವಂತೆ ಕೈ ಮುಂದೆ ಮಾಡಿದ ಮಡಿವಾಳೆಪ್ಪ.

“ಹೂಂ, ಈಗ ಹೊಡಿ,” ಎಂದ.

ಸುಭಾಸನ ತಲೆ ಕೆಟ್ಟಿತು. ಕಟ್ಟೆಗೆ ಹೋಗಿ ಕ್ಯಾಮೆರಾವನ್ನು ಸಾವಂತ್ರೆವ್ವನ ಕೈಗೆ ತುರುಕಿದ. “ಇದನ್ನ ಹಿಡಿ ಯವ್ವಾ” ಎಂದವನೇ ಮಡಿವಾಳೆಪ್ಪನನ್ನು ಎಬ್ಬಿಸಿ ಕುರ್ಚಿಯನ್ನು ತಲೆಯ ಮೇಲಕ್ಕೆ ಎತ್ತಿದ.

“ಒಂದು, ಒಂದ ಫೋಟೋ ಕೇಳಿದ್ನಿ ನಿಮ್ಮನ್ನ! ನಿಮ್ಮ ಕೋಟು ನೋಡಾಕ ಬೆಳಗಾವಿ ಮಂದಿ ಉಪಾಸ ಕುಂತಾರೇನ್ರಿ?”

“ಕುರ್ಚಿ ಇಳಸು ಮೊದಲ, ಅದು ನಮ್ಮ ಬೀಗರದು,” ಎಂದ ಮಡಿವಾಳೆಪ್ಪ ಕೋಟಿನ ಗುಂಡಿ ಹಿಡಿದುಕೊಂಡು. ಓಣಿಯ ಮಂದಿಯೆಲ್ಲ ಕೈಯಲ್ಲಿದ್ದದ್ದನ್ನು ಬಿಟ್ಟು ಸುತ್ತ ನಿಂತರು.

ಹಿಂದಿನಿಂದ ಕಟ್ ಎಂದು ಸಪ್ಪಳವಾಯಿತು.

“ಗುಂಡಿ ಒತ್ತಿದ್ರ ಏನಾಕೈತಿ ಅಂತ ನೋಡ್ದೆನಪ,” ಎಂದಳು ಸಾವಂತ್ರೆವ್ವ.

ರೋಲು ಮುಗಿದಿತ್ತು.

ಅವತ್ತೇ ಕತ್ತಲೆಕೋಣೆಯಲ್ಲಿ ತೊಳೆದು ನೋಡಿದರೆ ಮೂವತ್ತೈದರಲ್ಲೂ ಬಿಟ್ಟ ಕಣ್ಣು, ಜೋಡಿಸಿದ ಕಾಲು. ಮೂವತ್ತಾರನೆಯದರಲ್ಲಿ ಮಾತ್ರ ಬಾಯಿ ತೆರೆದು ಕುರ್ಚಿ ಎತ್ತಿ ನಿಂತ ಸುಭಾಸ, ಗುಂಡಿ ಹಿಡಿದ ಮಡಿವಾಳೆಪ್ಪ, ಸೆರಗು ಬಾಯಿಗೆ ಒತ್ತಿ ನಗುವ ಸೋಮವ್ವ, ಕತ್ತು ಹೊರಳಿಸಿದ ಎಮ್ಮೆ. ಒಬ್ಬರೂ ಕ್ಯಾಮೆರಾ ನೋಡಿರಲಿಲ್ಲ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಚೀಟಿಯ ನಾಲ್ಕು ಮಾತೂ ನೆರವೇರಿದ್ದವು.

ಅರ್ಜಿಯಲ್ಲಿ ‘ತೆಗೆದವರ ಹೆಸರು’ ಎಂಬಲ್ಲಿ ಪೆನ್ನು ಸ್ವಲ್ಪ ತಡೆಯಿತು. ರೋಲು ತನ್ನದು, ಕ್ಯಾಮೆರಾ ತನ್ನದು, ಸಿಟ್ಟೂ ತನ್ನದೇ. ಸುಭಾಸ ತನ್ನ ಹೆಸರನ್ನೇ ಬರೆದು ಬೆಳಗಿನ ಬಸ್ಸಿಗೆ ಹೋಗಿ ಕೊಟ್ಟು ಬಂದ.

ಹದಿನೈದು ದಿನಕ್ಕೆ ಕಾಗದ ಬಂತು. ಮೀನಾ ಗಟ್ಟಿಯಾಗಿ ಓದಿದಳು: “ನಿಮ್ಮ ಚಿತ್ರಕ್ಕೆ ಮೊದಲ ಬಹುಮಾನ. ಚಿತ್ರದಲ್ಲಿ ಕುರ್ಚಿ ಎತ್ತಿದ ಮಹನೀಯರನ್ನೂ ಕಡ್ಡಾಯವಾಗಿ ಕರೆತನ್ನಿ. ವೇದಿಕೆಯ ಮೇಲೆ ನಿಮ್ಮಿಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ಸನ್ಮಾನಿಸಲಾಗುವುದು.”

ಓದಿ ಮುಗಿಸಿ ಗಂಡನ ಮುಖ ನೋಡಿದಳು. “ಅಕ್ಕಪಕ್ಕ ಹೆಂಗ ನಿಂದರ್ತೀರಿ?”

ಬೇರೆ ದಾರಿ ಇರಲಿಲ್ಲ. ನಿಜ ಒಪ್ಪಿಕೊಂಡು ಸುಭಾಸ ಬೆಳಗಾವಿಗೆ ಕಾಗದ ಹಾಕಿದ, ಸಾವಂತ್ರೆವ್ವನಿಗೆ ಇಳಕಲ್ ಸೀರೆ ಉಡಿಸಿ ಬಸ್ಸು ಹತ್ತಿಸಿದ. ಸಭೆಯ ಮುಂದಿನ ಸಾಲಿನಲ್ಲಿ ಮಡಿವಾಳೆಪ್ಪ ಅದೇ ಕೋಟಿನಲ್ಲಿ ಕುಳಿತಿದ್ದ. ಮುದುಕಿಗೆ ಶಾಲು, ಹಾರ, ಬೆಳ್ಳಿಯ ಬಟ್ಟಲು ಸಿಕ್ಕವು. ಕುರ್ಚಿ ಎತ್ತಿದ ಮಹನೀಯನಿಗೆ ಒಂದು ತೆಂಗಿನಕಾಯಿ.

“ನೀವು ಫೋಟೋಗ್ರಾಫರ್ ಅಲ್ಲೇನ್ರಿ? ನಮ್ಮ ಹುಡುಗ ಬಂದಿಲ್ಲ, ಅಮ್ಮಾರದು ಒಂದು ಫೋಟೋ ಹೊಡೀರಿ,” ಎಂದರು ಸ್ಪರ್ಧೆ ನಡೆಸಿದವರು.

ಸುಭಾಸ ತೆಂಗಿನಕಾಯಿ ಕೆಳಗಿಟ್ಟು ಕ್ಯಾಮೆರಾ ಎತ್ತಿದ. ಸಾವಂತ್ರೆವ್ವ ಬೆಳ್ಳಿಯ ಬಟ್ಟಲನ್ನು ನೆಲಕ್ಕಿಟ್ಟಳು. ಸೆರಗು ಹೊದ್ದು, ಕೈ ತೊಡೆಗೆ ಅಂಟಿಸಿ, ಅವನನ್ನೇ ದಿಟ್ಟಿಸಿ ನಿಂತಳು.

“ಕಾಲು ಬರ್ತಾವೇನಪ?”

“ಬರ್ತಾವ ಯವ್ವಾ,” ಎಂದು ಸುಭಾಸ ಗುಂಡಿ ಒತ್ತಿದ.