ಸದಾನಂದನ ಒಪ್ಪಿಗೆ

ಜಗತ್ತಿನಲ್ಲಿ ಎರಡು ಕೆಲಸಗಳನ್ನು ನಿಧಾನವಾಗಿಯೇ ಮಾಡಬೇಕು: ಮೀನಿನ ಮುಳ್ಳು ಬಿಡಿಸುವುದು ಮತ್ತು ಇಂಟರ್ನೆಟ್ಟಿಗೆ ನಿಯಮ ಬರೆಯುವುದು. ಮೊದಲನೆಯದು ನನಗೆ ಗೊತ್ತಿತ್ತು. ಎರಡನೆಯದಕ್ಕೆ ನನ್ನನ್ನು ಎಳೆದವನು ಸದಾನಂದ. ಪಣಂಬೂರಿನ ಮೀನುಗಾರರ ಮನೆಯವನು, ನನ್ನ ಜೊತೆ ನೆಟ್‌ವರ್ಕ್ ಕೆಲಸದಲ್ಲಿದ್ದವನು. ಕಡಲಿನಲ್ಲಿ ಸಿಗ್ನಲ್ ಹೋದಾಗ ದೋಣಿಯಿಂದ ಹೊರಟ ಸಂದೇಶ ಕಳೆದುಹೋಗದೆ ಕಾಯುವಂತೆ ಮಾಡುವ ನಿಯಮ ನಮ್ಮದು. ಅದನ್ನು ಇಡೀ ಲೋಕ ಪಾಲಿಸುವ ಮಾನದಂಡವಾಗಿಸಲು ಹೊರಟೆವು. ಇಂಥ ಮಾನದಂಡಗಳನ್ನು ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆಯೊಂದಿದೆ; ಅಲ್ಲಿ ಕರಡು ಹಾಕಿದರೆ ಯಾರು ಬೇಕಾದರೂ ತಪ್ಪು ಹುಡುಕಬಹುದು; ಹುಡುಕಿದರು. ಫಿನ್ಲೆಂಡಿನ ಮಹಾಶಯರೊಬ್ಬರು ಶೀರ್ಷಿಕೆಯನ್ನೇ ಒಪ್ಪಲಿಲ್ಲ. ಅಲ್ಲಿ ಮತದಾನವೂ ಇಲ್ಲ. ಸಭೆಯಲ್ಲಿ ಒಪ್ಪಿದವರು ಬಾಯಿ ಮುಚ್ಚಿ 'ಹ್ಞೂಂ' ಎಂದು ಗುಂಯ್‌ಗುಡುತ್ತಾರೆ, ಸದ್ದು ಕೇಳಿ ಅಧ್ಯಕ್ಷರು ತೀರ್ಮಾನಿಸುತ್ತಾರೆ. ಇದನ್ನು ನನ್ನ ಹೆಂಡತಿ ಇವತ್ತಿಗೂ ನಂಬುವುದಿಲ್ಲ.

ವರ್ಷಗಳು ಕಳೆದ ಮೇಲೆ ಕೊನೆಯ ಹಂತ ಬಂತು. ಅದರ ಹೆಸರು ನಲವತ್ತೆಂಟು ಗಂಟೆ, ನಡೆಯುವುದು ತಿಂಗಳುಗಟ್ಟಲೆ. ಪ್ರತಿ ಲೇಖಕನೂ ಅಂತಿಮ ಪ್ರತಿ ಓದಿ 'ಒಪ್ಪಿದೆ' ಎಂದು ತಾನೇ ಬರೆಯಬೇಕು. ಒಬ್ಬ ಬಾಕಿಯಾದರೂ ಪ್ರಕಟಣೆಯಿಲ್ಲ. ನಾನು ಅಂದೇ ಬರೆದೆ. ಸದಾನಂದ ಆಗ ಬಿಜೈ ಹತ್ತಿರದ ಆಸ್ಪತ್ರೆಯಲ್ಲಿದ್ದ. ಹೊಟ್ಟೆಯ ಕ್ಯಾನ್ಸರ್, ಡಾಕ್ಟರು ಕೈಚೆಲ್ಲಿದ್ದರು.

"ಒಪ್ಪಿದೆ ಅಂತ ಒಂದು ಶಬ್ದ ಕಳಿಸು ಮಾರಾಯ," ಎಂದೆ.

"ಓದದೆ ಒಪ್ಲಿಕ್ಕೆ ಇದೆಂತ ಬ್ಯಾಂಕಿನ ಫಾರ್ಮಾ? ಇನ್ನು ಸ್ವಲ್ಪ ಬಾಕಿ ಉಂಟು. ನಾಳೆ ಹೇಳ್ತೇನೆ," ಎಂದ.

ಆ ನಾಳೆ ಅವನಿಗೆ ಸಿಗಲಿಲ್ಲ. ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು.

ಸಂಸ್ಥೆಯ ಸಂಪಾದಕರು ಸಂತಾಪ ಸೂಚಿಸಿ ಎರಡು ದಾರಿ ಹೇಳಿದರು: ಅವನ ಹೆಸರನ್ನು ಲೇಖಕರ ಜಾಗದಿಂದ ತೆಗೆದು ಕೊನೆಯ ಕೃತಜ್ಞತೆಗೆ ಸೇರಿಸುವುದು, ಇಲ್ಲವೇ ಅವನ ಪರವಾಗಿ ಒಪ್ಪುವಂತೆ ಮೇಲಿನವರನ್ನು ಕೇಳಿಕೊಳ್ಳುವುದು. ಮೊದಲನೆಯದು ಬೇಗ ಮುಗಿಯುತ್ತದೆ. ಉರ್ವದಲ್ಲಿರುವ ಅವನ ಮನೆಗೆ ಹೋಗಿ ಹೆಂಡತಿ ರೇವತಿಗೆ ಅದನ್ನೇ ತಿಳಿಸಿದೆ.

"ಥ್ಯಾಂಕ್ಸ್ ಹೇಳುವಲ್ಲಿಗೆ ಹಾಕ್ತೀರಾ? ಅವರೆಂತ ನಿಮಗೆ ಚಾ ತಂದು ಕೊಟ್ಟವರಾ?" ಎಂದರು. ಆಮೇಲೆ ಕಣ್ಣೊರೆಸಿಕೊಂಡು ಒಳಗೆ ಹೋಗಿ ನನಗೆ ಚಾ ತಂದುಕೊಟ್ಟರು.

ಮೇಲಿನವರಿಗೆ ಬೆನ್ನು ಬಿಡದೆ ಬರೆದೆ. ಕಡೆಗೂ ಒಪ್ಪಿದರು. ಮಾನದಂಡ ಪ್ರಕಟವಾಯಿತು, ಮೊದಲ ಹೆಸರು ಸದಾನಂದನದು. ಒಮ್ಮೆ ಪ್ರಕಟವಾದದ್ದನ್ನು ಅಲ್ಲಿ ಯಾರೂ ತಿದ್ದುವಂತಿಲ್ಲ. ರೇವತಿ ಅದನ್ನು ಪ್ರಿಂಟ್ ಮಾಡಿಸಿ ದೇವರ ಫೋಟೋದ ಕೆಳಗೆ ಇಟ್ಟಿದ್ದಾರೆ.

ಕಳೆದ ವಾರ ಚಿಲಿ ದೇಶದ ಎಂಜಿನಿಯರ್ ಒಬ್ಬ ನನಗೆ ಬರೆದಿದ್ದ: ನಿಮ್ಮ ನಿಯಮದಿಂದ ನಮ್ಮ ದೋಣಿಗಳಿಗೆ ಉಪಕಾರವಾಯಿತು. ಅದರಲ್ಲೂ ನಾಲ್ಕನೆಯ ಭಾಗ! ಅದು ಖಂಡಿತ ಸದಾನಂದರದೇ ಇರಬೇಕು, ಅವರಿಗೆ ನನ್ನ ನಮಸ್ಕಾರ ತಿಳಿಸಿ. ನಾಲ್ಕನೆಯ ಭಾಗದ ಒಂದೊಂದು ಅಕ್ಷರವೂ ನನ್ನದು. ಸತ್ತ ಗೆಳೆಯನ ಮೇಲೆ ಹೊಟ್ಟೆಕಿಚ್ಚು ಪಡುವಷ್ಟು ಸಣ್ಣವನಲ್ಲ ನಾನು ಎಂದುಕೊಂಡು, 'ತಿಳಿಸುತ್ತೇನೆ' ಎಂದು ಟೈಪ್ ಮಾಡಿದೆ. ಕಳಿಸಲು ಮಾತ್ರ ಎರಡು ದಿನ ಹಿಡಿಯಿತು.