ಟವಲ್ ಕುಂತಿದ್ದ ಸೀಟು

ವೆಂಕಟಪ್ಪ: ಏಳ್ರಿ ಮೇಡಮ್ಮರ, ಆ ಸೀಟಿನ್ಯಾಗ ನಾ ಕುಂತೀನಿ.

ಸುಗುಣಾ: ಎಂತ ಮಾರಾಯ್ರೇ, ಕೂತದ್ದು ನಾನು. ನೀವು ನಿಂತಿದ್ದೀರಿ.

ವೆಂಕಟಪ್ಪ: ನಾ ನಿಂತಿರಬೌದ್ರಿ. ನನ್ನ ಟವಲ್ ಕುಂತಿತ್ತಲ್ಲ!

ಶಹಾಪುರ ಬಸ್‌ಸ್ಟ್ಯಾಂಡಿನಲ್ಲಿ ಯಾದಗಿರಿ ಬಸ್ಸು ಗಿಜಿಗಿಜಿ ತುಂಬಿತ್ತು. ವೆಂಕಟಪ್ಪನಿಗೆ ಆ ಸೀಟು ಬೇಕೇ ಬೇಕಿತ್ತು. ಕಾರಣ, ಕೆಳಗೆ ಎಲೆಅಡಿಕೆ ಕೊಳ್ಳುತ್ತಿದ್ದ ಅತ್ತೆ ಭೀಮಾಬಾಯಿ, ಮತ್ತು ಆಕೆಯ ನೋಯುವ ಮೊಣಕಾಲು. ಹೋದ ಸಲ ಆಕೆಯನ್ನು ಯಾದಗಿರಿ ದವಾಖಾನೆಗೆ ನಿಲ್ಲಿಸಿಕೊಂಡೇ ಒಯ್ದಿದ್ದಕ್ಕೆ ಮುದುಕಿ ತನ್ನೂರು ಕೊಂಕಲ್ಲಿನ ಓಣಿಓಣಿಯಲ್ಲಿ ಅಳಿಯನ ಮಾನ ಹರಾಜು ಹಾಕಿದ್ದಳು. ಅದಕ್ಕೇ ಇವತ್ತು ಬಸ್ಸು ನಿಲ್ಲುವ ಮೊದಲೇ ಓಡಿ, ಕಿಟಕಿಯಿಂದ ಟವಲ್ ಒಗೆದು ಸೀಟು ಹಿಡಿದಿದ್ದ. ನಮ್ಮ ಕಡೆ ಟವಲ್ ಬಿತ್ತೆಂದರೆ ಮನುಷ್ಯ ಕೂತಂಗೇ ಲೆಕ್ಕ. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಆದರೆ ಮೊನ್ನೆ ಮೊನ್ನೆ ಪುತ್ತೂರಿನಿಂದ ಬಂದು ಕಾಲೇಜು ಸೇರಿದ ಈ ಲೆಕ್ಚರರಮ್ಮನಿಗೆ ತಿಳಿಯುವುದಾದರೂ ಹೇಗೆ?

ಸುಗುಣಾ: ಓ, ಅದು ನಿಮ್ಮದಾ? ಪಾಪ ಯಾರೋ ಬಿಟ್ಟು ಹೋಗಿದ್ದಾರೆ ಅಂತ ಕಂಡಕ್ಟರ್ ಹತ್ರ ಕೊಟ್ಟೆ.

ವೆಂಕಟಪ್ಪ: ಯಪ್ಪಾ! ಉಸ್ಮಾನಸಾಬ, ನೀನರ ತಿಳಿಸಿ ಹೇಳಬಾರ್ದೇನೋ?

ಕಂಡಕ್ಟರ್ ಉಸ್ಮಾನಸಾಬ ಬ್ಯಾಗಿನಿಂದ ಟವಲ್ ತೆಗೆದ.

ಉಸ್ಮಾನಸಾಬ: ಅಷ್ಟು ಕಳಕಳೀಲೆ ಕೊಟ್ರು ಕಾಕಾ. ಈ ರೂಟಿನ್ಯಾಗ ನನಗ ಬೈಗುಳ ಬಿಟ್ರ ಯಾರೂ ಏನೂ ಕೊಟ್ಟಿಲ್ಲ. ಶುಕ್ರಿಯಾ ಅಂದು ಇಟ್ಕೊಂಡೆ.

ಸುಗುಣಾ: ಸ್ವಲ್ಪವಾದ್ರೂ ಸಾಮಾನ್ಯ ಜ್ಞಾನ ಬೇಡವಾ? ನಾನು ಆಗಿನಿಂದ ಕ್ಯೂನಲ್ಲಿ ನಿಂತಿದ್ದೆ!

ವೆಂಕಟಪ್ಪ: ಕ್ಯೂ? ಯಾರ ಹಿಂದ?

ಸುಗುಣಾ: ಯಾರ ಹಿಂದೆಯೂ ಅಲ್ಲ. ನಾನೇ ಮೊದಲು.

ವೆಂಕಟಪ್ಪ: ನಿಮ್ಮ ಹಿಂದ?

ಸುಗುಣಾ: ಯಾರೂ ಬರಲಿಲ್ಲ.

ವೆಂಕಟಪ್ಪ: ಒಬ್ರ ನಿಂತ್ರ ಕ್ಯೂ ಹ್ಯಾಂಗ ಆಗ್ತೈತ್ರಿ? ಯಾರಿಗೋ ದಾರಿ ಕಾಯಾಕತ್ತೀರಿ ಅಂತ ತಿಳಿದ್ವಿ ನಾವು!

ಸುಗುಣಾ: ಬಟ್ಟೆ ಬಿದ್ರೆ ಮನುಷ್ಯ ಹೇಗಾಗ್ತದೆ? ಅದನ್ನು ಹೇಳಿ ಮೊದಲು.

ಬಸ್ಸಿಗೆ ಬಸ್ಸೇ ನಕ್ಕಿತು. ಅಷ್ಟರಲ್ಲಿ ಭೀಮಾಬಾಯಿ ಉಸ್ಸಪ್ಪಾ ಅನ್ನುತ್ತ ಹತ್ತಿ ಬಂದಳು.

ಭೀಮಾಬಾಯಿ: ಏನ್ ಅಳಿಯಂದ್ರ, ಈ ಸಲನೂ ನಿಂತೇ ಹೋಗೂದೇನು?

ವೆಂಕಟಪ್ಪನ ಮುಖ ಇಷ್ಟೇ ಇಷ್ಟಾಯಿತು. ಸುಗುಣಾ ಆ ಮುಖ ನೋಡಿದಳು, ಮುದುಕಿ ಮೊಣಕಾಲು ಹಿಡಿದು ನಿಂತದ್ದನ್ನೂ ನೋಡಿದಳು, ತಟ್ಟನೆ ಎದ್ದಳು.

ಸುಗುಣಾ: ಬನ್ನಿ ಅಜ್ಜಿ, ಕೂತ್ಕೊಳ್ಳಿ. (ವೆಂಕಟಪ್ಪನಿಗೆ) ಅಜ್ಜಿಗೆ ಅಂತ ಮೊದಲೇ ಹೇಳುದಲ್ವಾ?

ವೆಂಕಟಪ್ಪ: ಟವಲ್ ಹೇಳಿತ್ತಲ್ರಿ!

ದೋರನಹಳ್ಳಿ ಬಂತು. ಭೀಮಾಬಾಯಿಯ ಪಕ್ಕದವನು ಇಳಿದ. ವೆಂಕಟಪ್ಪ ಇನ್ನೇನು ಕೂರಬೇಕು, ಜನರ ತಲೆಯ ಮೇಲಿಂದ ಒಂದು ಕರ್ಚೀಫು ಹಾರಿ ಬಂದು ಸೀಟಿನ ನಟ್ಟನಡುವೆ ಬಿತ್ತು.

ಸುಗುಣಾ: ನಾನು ಕೂತಾಯ್ತು ಮಾರಾಯ್ರೇ!

ವೆಂಕಟಪ್ಪ: ಹಾಂಗ ನಡಿಯಂಗಿಲ್ರಿ. ನಾ ಶಹಾಪುರದಿಂದ ಕ್ಯೂ ನಿಂತೀನಿ.

ಸುಗುಣಾ: ಯಾರ ಹಿಂದೆ?

ವೆಂಕಟಪ್ಪ: ಯಾರ ಹಿಂದೂ ಇಲ್ಲ. ನಾನ ಮೊದಲು!

ಇವರ ವಾದ ಮುಗಿಯುವ ಲಕ್ಷಣ ಇರಲಿಲ್ಲ. ಭೀಮಾಬಾಯಿ ಎಲೆಅಡಿಕೆ ಜಗಿಯುತ್ತ ಕರ್ಚೀಫು ಎತ್ತಿ ಉಸ್ಮಾನಸಾಬನ ಕೈಗಿಟ್ಟಳು.

ಭೀಮಾಬಾಯಿ: ಪಾಪ, ಯಾರೋ ಬಿಟ್ಟು ಹೋಗ್ಯಾರಪ್ಪ. ಜ್ವಾಕಿ ಇಟ್ಕೋ.

ಇಬ್ಬರೂ: ಅತ್ತೀ! ಅಜ್ಜೀ!

ಭೀಮಾಬಾಯಿ ಕಾಲೆತ್ತಿ ಆ ಸೀಟಿನ ಮೇಲೆ ಚಾಚಿದಳು.

ಭೀಮಾಬಾಯಿ: ಒದರಬ್ಯಾಡ್ರಿ. ಇಲ್ಲಿ ನನ್ನ ಮೊಣಕಾಲು ಕುಂತೈತಿ.