ಕಾಕಾ ತೋಡಿದ ವೈನ್ ಹಗೇವು

ನಮ್ಮ ಕಾಕಾನನ್ನು ಕತ್ತು ಹಿಸುಕಿ ಕೊಲ್ಲಬೇಕು ಎಂದು ನನಗೆ ಅನಿಸಿದ್ದು ಒಂದೆರಡು ಸಲವಲ್ಲ. ಕೊಲ್ಲಲಿಲ್ಲ, ಏಕೆಂದರೆ ಪ್ರತಿ ಸಲವೂ ಅಷ್ಟರೊಳಗೆ ಆತ ನನ್ನ ಕೈಗೆ ಕಾಫಿಯ ಲೋಟ ಕೊಟ್ಟಿರುತ್ತಿದ್ದ. ಸುಡುವ ಲೋಟ ಹಿಡಿದುಕೊಂಡು ಯಾರಾದರೂ ಕೊಲೆ ಮಾಡಲು ಸಾಧ್ಯವೇ?

ಆ ರವಿವಾರ ಮುಂಜಾನೆ ಗೋವೆಯ ಡಿಚೋಲಿಯ ಅವನ ಮನೆಯಲ್ಲಿ ನಾವು ನಾಲ್ವರಿದ್ದೆವು. ಒಲೆಯ ಮುಂದೆ, ಹಂಚಿನ ಮೇಲಿನ ರೊಟ್ಟಿಗಿಂತ ಹೆಚ್ಚು ಉಬ್ಬಿಕೊಂಡು ಕುಳಿತ ಅವನ ಹೆಂಡತಿ, ನಮ್ಮ ಕಾಕು. ಹೊಸ್ತಿಲ ಮೇಲೆ, ಮಡ್ಕಯಿಯ ಕಾರ್ಖಾನೆಯಿಂದ ರಜೆಗೆಂದು ಬಂದು ಸಿಕ್ಕಿಹಾಕಿಕೊಂಡ, ಅವನ ಅಣ್ಣನ ಮಗಳಾದ ನಾನು. ಕಿಟಕಿಯಾಚೆ ಪಕ್ಕದ ಮನೆಯ ಗೋವಾದ ಮುದುಕಿ. ಓಣಿಗೆ ಓಣಿಯೇ ಅವಳನ್ನು 'ಮಾಯ್' ಎಂದು ಕರೆಯುತ್ತದೆ. ಇನ್ನು ನಾಲ್ಕನೆಯವನು ಕಾಕಾ. ಅವನು ನಡುಮನೆಯಲ್ಲಿ, ಸೊಂಟದವರೆಗೆ ನೆಲದೊಳಗೆ ಇಳಿದು, ಗುದ್ದಲಿಗೆ ಒರಗಿ ನಿಂತಿದ್ದ. ಮನೆಯ ನಡುವೆ ಕುಣಿ! ನಾವು ಮೂವರೂ ಸಿಟ್ಟಿನಿಂದ ಕುದಿಯುತ್ತಿದ್ದೆವು. ಕುಣಿಯೊಳಗಿನವನು ಮಾತ್ರ ಪರಮ ಸಮಾಧಾನದಿಂದ, "ತಂಗಿ, ಒಂದು ಲೋಟ ಕಾಫಿ ಮಾಡ್ಲೇನು?" ಎಂದು ಕೇಳುತ್ತಿದ್ದ.

ಕುಣಿ ಯಾಕೆ ಅಂತೀರಾ? ವೈನ್ ಇಡಲು! ತಾಳಿ, ಅದನ್ನೂ ಹೇಳುತ್ತೇನೆ. ಮೊದಲು ಕಾಫಿಯ ಸಿಟ್ಟು ತೀರಿಸಿಕೊಳ್ಳುತ್ತೇನೆ.

ನಾವು ವಿಜಾಪುರದ ಕಡೆಯವರು. ಹುಟ್ಟಿದ ಕೂಸಿಗೆ ಬೆರಳದ್ದಿ ಚಹಾ ನೆಕ್ಕಿಸುವ ಜನ. ಕಾಕಾ ಗೌಂಡಿ ಕೆಲಸಕ್ಕೆಂದು ಗೋವೆಗೆ ಬಂದು, ಕಲ್ಲು ಹೊತ್ತು, ಗೋಡೆ ಕಟ್ಟಿ, ಕೊನೆಗೊಂದು ಸಣ್ಣ ಮನೆ ಮಾಡಿಕೊಂಡವನು. ಅಂಥವನಿಗೆ ಯಾವುದೋ ಬಂಗಲೆಯ ಕೆಲಸದಲ್ಲಿದ್ದಾಗ ಅಲ್ಲಿನ ಅಡುಗೆಯವ ಒಂದು ಬಟ್ಟಲು ಕಾಫಿ ಕೊಟ್ಟನಂತೆ. ಅವನಿಗೆ ಒಳ್ಳೆಯದಾಗದಿರಲಿ! ಅಂದಿನಿಂದ ಕಾಕಾನಿಗೆ ಚಹಾ ಎಂದರೆ 'ಕುದಿಸಿದ ಧೂಳು'. ಮೊಬೈಲಿನಲ್ಲಿ ಕಾಫಿ ಮಾಡುವುದನ್ನು ನೋಡಿದ್ದೇ ನೋಡಿದ್ದು. ಹಸಿ ಬೀಜ ತಂದ. ಹುರಿಯಬೇಕಲ್ಲ? ಎಲ್ಲಿ ಹುರಿದ? ಕಾಕುವಿನ ರೊಟ್ಟಿ ಹಂಚಿನ ಮೇಲೆ!

ರೊಟ್ಟಿ ಹಂಚು ಎಂದರೆ ನಮ್ಮಲ್ಲಿ ಏನೆಂದುಕೊಂಡಿದ್ದೀರಿ? ಅದಕ್ಕೆ ಒಂದು ಹನಿ ಎಣ್ಣೆ ಸೋಕಬಾರದು, ಉಳ್ಳಾಗಡ್ಡಿಯ ವಾಸನೆ ಹತ್ತಬಾರದು. ಸೊಸೆಗೆ ಬೀಗದ ಕೈ ಕೊಟ್ಟರೂ ಹಂಚು ಕೊಡದ ಅತ್ತೆಯರನ್ನು ನಾನು ನೋಡಿದ್ದೇನೆ. ಅದೂ ಕಾಕುವಿನ ಹಂಚು ಬರೀ ಮನೆಯದಲ್ಲ. ಗಣಿ ಲಾರಿಗಳ ನಮ್ಮ ಕಡೆಯ ಡ್ರೈವರುಗಳು ಅವಳ ಜೋಳದ ರೊಟ್ಟಿ ಕಟ್ಟಿಸಿಕೊಂಡು ಹೋಗುತ್ತಾರೆ. ಅವಳ ಸ್ವಂತದ್ದೆಂದು ಇರುವುದು ಈ ದುಡಿಮೆಯೊಂದೇ. ಬೀಜ ಹುರಿದ ಮರುದಿನ ಒಬ್ಬ ಡ್ರೈವರು ರೊಟ್ಟಿ ಮುರಿದು, ಮೂಸಿ ನೋಡಿ ಕೇಳಿದ:

"ಕಾಕು, ರೊಟ್ಟಿ ಸುಟ್ಟಾವೋ, ನನ್ನ ನಾಲಿಗಿ ಸುಟ್ಟೈತೋ?"

ಒಳಗಿನಿಂದ ಕಾಕಾ ಕೂಗಿದ: "ಎರಡೂ ಅಲ್ಲೋ! ನಿನ್ನ ದೈವ ತೆರದೈತಿ!"

ಅವನ ದೈವವೇನೋ ತೆರೆಯಿತು. ಕಾಕು ಮಾತ್ರ ಬೂದಿ ಹಾಕಿ, ಹುಣಸೆಹಣ್ಣು ಹಾಕಿ, ಕೊನೆಗೆ ಬೈಗುಳವನ್ನೂ ಹಾಕಿ ಆ ಹಂಚು ತಿಕ್ಕಿದಳು.

ಇನ್ನೊಮ್ಮೆ ಊರಿನಿಂದ ಕಾಕುವಿನ ಅಣ್ಣ ಬಂದ. ಬಸ್ಸಿನಲ್ಲಿ ಕುಳಿತು ಮೈಯೆಲ್ಲ ಹಿಡಿದುಕೊಂಡಿತ್ತು. "ಒಂದು ಗುಟುಕು ಚಹಾ ಆಗ್ಲಿ" ಎಂದ. ಕಾಕಾ ಬಿಡುತ್ತಾನೆಯೇ? ಬೀಜ ಹುರಿದ, ಕುಟ್ಟಿದ, ಸೋಸುವ ಬಟ್ಟೆಗೆ ಹಾಕಿ ಮೇಲಿನಿಂದ ನೀರು ಬಿಟ್ಟ. ಕೆಳಗೆ ಕಾಫಿ ಇಳಿಯತೊಡಗಿತು. ಒಂದು ಹನಿ, ಒಂದು ವಿಚಾರ, ಇನ್ನೊಂದು ಹನಿ. ಅಂತೂ ಲೋಟ ಕೈಗೆ ಬಂದಾಗ ಆ ಬಡಪಾಯಿ ರೂಢಿಯಂತೆ ಬಶಿಗೆ ಸುರಿದು ಸುರ್ರೆಂದು ಎಳೆದ. ಕಾಕಾ ಹಾರಿಹೋಗಿ ಬಶಿ ಹಿಡಿದ.

"ಬಶಿಗೆ ಹಾಕಬ್ಯಾಡ್ರಿ! ವಾಸನಿ ಓಡಿ ಹೋಗ್ತೈತಿ!"

"ಹೋಗ್ಲಿ ಬಿಡ್ರಿ ಭಾವಾ. ಅದರ ಬೆನ್ನ ಹತ್ತಾಕ ನನ್ನ ಕಾಲಾಗ ಕಸುವಿಲ್ಲ" ಎಂದ ಆತ ಎದ್ದು, ಮೂಲೆಯ ಗಾಡಿಗೆ ಹೋಗಿ ಚಹಾ ಕುಡಿದು ಬಂದ. ತನ್ನ ತವರಿಗೆ ಆದ ಈ ಅವಮಾನದ ಸೇಡನ್ನು ಕಾಕು ಅಂದು ಊಟದಲ್ಲಿ ತೀರಿಸಿಕೊಂಡಳು. ಕಾಕಾನಿಗೆ ರೊಟ್ಟಿಯನ್ನು ಕಾಫಿಯ ಹಾಗೆಯೇ ಬಡಿಸಿದಳು: ಒಂದು ಚೂರು, ಒಂದು ವಿಚಾರ, ಇನ್ನೊಂದು ಚೂರು!

ಇಷ್ಟಕ್ಕೇ ನಿಂತಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆದರೆ ಮಾಯ್ ಅವನಿಗೆ ನೇರಳೆ ಹಣ್ಣಿನ ವೈನು ಮಾಡುವುದನ್ನು ಕಲಿಸಿಬಿಟ್ಟಳು. ಗುಜರಿಯಿಂದ ಖಾಲಿ ಬಾಟಲಿಗಳು ಬಂದವು, ತುಂಬಿದವು, ಮಂಚದ ಕೆಳಗೆ ಉರುಳಾಡತೊಡಗಿದವು. ಕಾಕು ಕೆರಳಿದಳು.

"ದೇವರ ಜಗಲಿ ಇರೂ ಮನಿಯಾಗ ಸೆರೆ ಇಡತೀರೇನ್ರಿ?"

"ಏ, ಅದು ಸೆರೆ ಅಲ್ಲ. ವೈನು!"

"ಹೆಸರ ಇಂಗ್ಲಿಷಿನ್ಯಾಗ ಇಟ್ರ ಅದೇನು ಹಾಲಾಗ್ತೈತೇನ್ರಿ?"

ಕುಡಿಯುವುದಾದರೂ ಎಷ್ಟು? ಕೂಸಿಗೆ ಔಷಧಿ ಹಾಕುವ ಚಮಚದಷ್ಟು! ಅದನ್ನು ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ ಕೂರುತ್ತಿದ್ದ. ಕುಡಿಯುವುದಕ್ಕಿಂತ ಇಡುವುದೇ ಅವನಿಗೆ ದೊಡ್ಡದು. ಬಾಟಲಿ ನಿಲ್ಲಬಾರದಂತೆ, ಬೂಚು ಒಣಗುತ್ತದಂತೆ. ಮಲಗಿಸಬೇಕು, ಕತ್ತಲಿರಬೇಕು, ತಂಪಿರಬೇಕು, ಯಾರೂ ಅಲುಗಾಡಿಸಬಾರದು.

"ಇಷ್ಟು ಆರೈಕಿ ನನ್ನ ಬಾಣಂತನದಾಗೂ ಆಗಿದ್ದಿಲ್ಲ" ಎಂದಳು ಕಾಕು.

ಇಲ್ಲಿ ನನ್ನ ನಿಜವಾದ ಸಿಟ್ಟು ಯಾವುದೆಂದು ಹೇಳಬೇಕು. ಗೋವೆಯ ಮಳೆ ನಿಮಗೆ ಗೊತ್ತಲ್ಲ? ಗೋಡೆ ಬೆವರುತ್ತದೆ, ಹಾಸಿಗೆ ಬೆವರುತ್ತದೆ, ಊರಿನಿಂದ ತರಿಸಿದ ಜೋಳಕ್ಕೆ ಮುಗ್ಗು ಹಿಡಿಯುತ್ತದೆ. ಮುಗ್ಗಿದ ಜೋಳದ ಹಿಟ್ಟಿಗೆ ಜಿಗಿ ಇರುವುದಿಲ್ಲ. ತಟ್ಟುತ್ತಿದ್ದ ಹಾಗೆ ರೊಟ್ಟಿ ಬಿರುಕು ಬಿಡುತ್ತದೆ. ಪ್ರತಿ ಮಳೆಗಾಲವೂ ಕಾಕುವಿನ ಗಿರಾಕಿಗಳು ಬೇರೆ ಕಡೆ ಹೋಗುತ್ತಾರೆ, ಮಳೆ ನಿಂತ ಮೇಲೆ ಅವಳು ಮತ್ತೆ ಮೊದಲಿನಿಂದ ಶುರು ಮಾಡಬೇಕು. ಅವಳು ಬೇಡಿದ್ದು ಒಂದೇ: ಒಲೆಯ ಮೇಲೊಂದು ಅಟ್ಟ. ಒಲೆಯ ಕಾವಿಗೆ ಜೋಳ ಬೆಚ್ಚಗೆ ಒಣಗಿರುತ್ತದೆ. ಊರಿಗೆಲ್ಲ ಮನೆ ಕಟ್ಟುವ ಗಂಡ, "ನಾಳೆ ಕಟ್ಟೂಣು" ಎನ್ನುತ್ತ ವರ್ಷಗಳನ್ನೇ ತಳ್ಳಿದ್ದ. ಆ ಬೇಸಿಗೆಯಲ್ಲಿ ಅಂತೂ ಇಂತೂ ಅಂಗಳಕ್ಕೆ ಚಿರೇಕಲ್ಲು ಬಂತು, ಹಲಗೆ ಬಂತು. ಕಾಕು ಕಲ್ಲಿಗೆ ಕುಂಕುಮ ಹಚ್ಚಿದಳು.

ಆ ಕಲ್ಲು, ಆ ಹಲಗೆ, ಎಲ್ಲವನ್ನೂ ಈ ಮಹಾರಾಯ ವೈನಿನ ಕುಣಿಗೆ ಹಾಕಿದ!

"ಇದು ಕುಣಿ ಅಲ್ಲ ತಂಗಿ, ಹಗೇವು" ಎಂದ ಆ ರವಿವಾರ, ಗುದ್ದಲಿ ಹಿಡಿದು. ನಮ್ಮೂರ ಕಡೆ ಜೋಳವನ್ನು ನೆಲದೊಳಗೆ ತೋಡಿದ ಕಣಜದಲ್ಲಿ ಹುಲ್ಲು ಹಾಸಿ, ಬಾಯಿಗೆ ಮಣ್ಣು ಮೆತ್ತಿ ಇಡುತ್ತಿದ್ದರಲ್ಲ, ಅದು ಹಗೇವು. "ನಮ್ಮಜ್ಜನ ಹಗೇವಿನ್ಯಾಗ ಒಂದು ಕಾಳಿಗೂ ನುಸಿ ಹತ್ತಿದ್ದಿಲ್ಲ. ಬಾಟ್ಲಿಗೆ ಹತ್ತತೈತೇನು?"

"ಕಾಕಾ, ಅದು ನಮ್ಮೂರ ಒಣ ನೆಲ! ಇದು ಗೋವಾ!"

ಕಿಟಕಿಯಿಂದ ಮಾಯ್ ಕೂಡ ಕೈ ಬೀಸಿ ಕೂಗಿದಳು: "ಪಾವ್ಸಾಂತ್ ಬಾಂಯ್ ಜಾತಲಿ ರೇ!" ಮಳೆಗಾಲದಲ್ಲಿ ಇದು ಬಾವಿಯಾಗುತ್ತದೋ, ಎಂದು.

"ಮಾಯ್, ನೀ ವೈನ್ ಕಲಿಸಿದಿ, ಅಷ್ಟ ಸಾಕು. ಗೌಂಡಿಗೆ ನೆಲಾ ತೋಡೂದು ಕಲಿಸಬ್ಯಾಡ!"

ಕಲ್ಲಿನ ಗೋಡೆ, ಇಳಿಯಲು ಮೆಟ್ಟಿಲು ಸಮೇತ ಹಗೇವು ಮುಗಿಯಿತು. ಬಾಟಲಿಗಳು ಒಳಗೆ ಮಲಗಿದವು. ಮುಚ್ಚಳಕ್ಕೆ ತೆಂಗಿನಕಾಯಿ ಒಡೆದ, ಪುಣ್ಯಾತ್ಮ! ಕಾಕು ಅಂದೇ ಅವನೊಡನೆ ಮಾತು ಬಿಟ್ಟಳು, ಕುಣಿಯೊಳಗೆ ಬಗ್ಗಿಯೂ ನೋಡಲಿಲ್ಲ. ನಾನು ಹೋದಾಗಲೆಲ್ಲ ತಂತಿಯಿಲ್ಲದ ಫೋನು ನಾನೇ. ಗಂಡ ಒಂದು ಮೊಳದಾಚೆ ಕುಳಿತಿದ್ದರೂ, "ಅವರಿಗೆ ಹೇಳು, ರೊಟ್ಟಿ ಆರಾಕತ್ತಾವಂತ" ಎನ್ನುವಳು. "ಅಕೀಗೆ ಹೇಳು, ಕೇಳಿಸ್ತಂತ" ಎನ್ನುವನು ಅವನು.

ಮಳೆ ಬಂತು. ಹಿಡಿದ ಮಳೆ ಬಿಡಲೇ ಇಲ್ಲ. ಆ ಮಳೆಯಲ್ಲೇ ಒಂದು ರವಿವಾರ ನಾನು ಹೋದಾಗ ಕಾಕಾ ಮುಚ್ಚಳ ತೆಗೆದು ಕುಣಿಯ ಅಂಚಿಗೆ ಕುಳಿತಿದ್ದ. ಬಗ್ಗಿ ನೋಡಿದೆ. ನೆಲದ ಒಳಗಿನಿಂದಲೇ ನೀರು ಉಕ್ಕಿ, ಕೆಂಪಗೆ, ಕಂಠದವರೆಗೆ ತುಂಬಿತ್ತು. ಹಲಗೆಗಳು ತೇಲುತ್ತಿದ್ದವು. ಬಾಟಲಿಗಳು ತಳದಲ್ಲಿದ್ದವು. ಕತ್ತಲು, ತಂಪು, ಅಲುಗಾಡಿಸುವವರು ಯಾರೂ ಇಲ್ಲ. ಕಾಕಾ ಬೇಡಿದ ಸುಖವೆಲ್ಲ ಅವಕ್ಕೆ ಸಿಕ್ಕಿತ್ತು! ಮಾಯ್ ಬಾಗಿಲಲ್ಲಿ ಹಗ್ಗ, ಕೊಡ ಹಿಡಿದು ಬಂದು ನಿಂತಿದ್ದಳು. "ಬಾಂಯ್ ಜಾಲಿ!" ಬಾವಿ ಆಗಿಯೇಬಿಟ್ಟಿತು, ಎಂದು.

ನಾನು ನಗುತ್ತಿದ್ದೆನೇನೋ. ಆದರೆ ಮೂಲೆಯಲ್ಲಿ ಕಾಕುವಿನ ಜೋಳದ ಚೀಲ ಕಂಡಿತು. ನೆಲ ಒಸರಿ, ಚೀಲದ ಅಡಿ ತೊಯ್ದು, ಹುಳಿ ವಾಸನೆ ಬರುತ್ತಿತ್ತು. ನನ್ನ ತಲೆ ಕೆಟ್ಟಿತು.

"ಕಾಕಾ, ನಿನಗ ಮನಷ್ಯಾನ ಹೃದಯ ಐತೋ ಇಲ್ಲೋ? ಆಕಿ ಜೀವಮಾನದಾಗ ಕೇಳಿದ್ದು ಒಂದು ಅಟ್ಟ! ಬಾಟ್ಲಿ ಮಲಗಾಕ ಅರಮನಿ ಕಟ್ಟೀದಿ, ಆಕಿ ಜೋಳಕ್ಕ ಒಂದು ಹಲಗಿ ಇಲ್ಲ! ದೊಡ್ಡವರ ಚಟ ನಮಗ್ಯಾಕ ಬೇಕಾಗಿತ್ತು?"

ಕಾಕಾ ನೀರನ್ನೇ ನೋಡುತ್ತ, ನನಗಲ್ಲ ಎನ್ನುವಂತೆ, ಹೇಳಿದ:

"ಗುಡ್ಡದ ಮ್ಯಾಲಿನ ಬಂಗಲೇದಾಗ ವೈನ್ ಇಡೂ ಖೋಲಿ ಕಟ್ಟಿದ್ದೆ. ಕಲ್ಲಿನ ಕಮಾನು. ಒಂದೊಂದು ಕಲ್ಲೂ ನನ್ನ ಕೈಲೆ ಕೆತ್ತಿದ್ದು. ಅಂಥಾ ಕೆಲಸ ಮತ್ತ ಮಾಡಿಲ್ಲ ತಂಗಿ. ತೋರಸ್ತೇನಿ ಬಾ ಅಂತ ನಿಮ್ಮ ಕಾಕುನ್ನ ಕರಕೊಂಡು ಹೋದ್ನಿ. ಇಳಕಲ್ ಸೀರಿ ಉಟ್ಟಿದ್ಲು. ಬಂಗಲೇದವರಿಗಂತ ರೊಟ್ಟಿ ಕಟಗೊಂಡಿದ್ಲು. ಗೇಟಿನ ಮುಂದ ಮ್ಯಾನೇಜರ್ ಅಂದ, ಕೆಲಸ ಮುಗದೈತಲ್ಲ, ಇನ್ನ ಲೇಬರ್ ಒಳಗ ಬರೂಹಂಗಿಲ್ಲ ಅಂದ."

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಹೋಗ್ಲಿ ಬಿಡ್ರಿ, ಖೋಲಿ ಅಂದ್ರ ಖೋಲಿ, ನೋಡೂದೇನೈತಿ ಅಂದ್ಲು ಆಕಿ. ಆದ್ರ ಬಸ್ಸಿನ್ಯಾಗ ಆ ಗುಡ್ಡ ಮರಿಯಾಗೂತನಾ ಅದನ್ನ ನೋಡಾಕತ್ತಿದ್ಲು. ಅದಕ್ಕ... ಅಂಥಾದ್ದ ಒಂದು ಮನಿಯಾಗ ಕಟ್ಟಿ ತೋರಸೂಣು ಅಂತ ಮಾಡಿದ್ನಿ. ಅಷ್ಟ."

ಇಷ್ಟು ದಿನ ಜೋಪಾನ ಮಾಡಿದ್ದ ನನ್ನ ಸಿಟ್ಟನ್ನು ಈಗ ಎಲ್ಲಿಡಲಿ? ಅದು ಎದ್ದು ಹೋಗಿ ಆ ಬಂಗಲೆಯ ಗೇಟಿನ ಮುಂದೆ ನಿಂತಿತು. ಇವತ್ತಿಗೂ ಅಲ್ಲಿಂದ ಕದಲಿಲ್ಲ.

ಕಾಕು ಹೊರಗೆ ಬಂದಳು. ಕೈಗೆ ಇನ್ನೂ ಹಿಟ್ಟು ಹತ್ತಿತ್ತು. ಸೀರೆ ಎತ್ತಿ ಕಚ್ಚೆ ಬಿಗಿದಳು. ನಾನು "ಕಾಕೂ!" ಎನ್ನುವಷ್ಟರಲ್ಲಿ ಮೆಟ್ಟಿಲು ಹುಡುಕುತ್ತ ಆ ಕೆಂಪು ನೀರಿನೊಳಗೆ ಸೊಂಟದವರೆಗೆ ಇಳಿದೇಬಿಟ್ಟಳು. ತಿಂಗಳುಗಟ್ಟಲೆ ಆಡದ ಮಾತನ್ನು ನೇರ ಗಂಡನಿಗೇ ಆಡಿದಳು:

"ಎಲ್ಲಿ ಐತ್ರಿ ಕಮಾನು? ತೋರಸ್ರಿ."

ಕಾಕಾ ಅಂಚಿನಿಂದ ಬಗ್ಗಿ, ಅವಳ ಕೈ ಹಿಡಿದು, ನೀರಿನೊಳಗೆ ಒಯ್ದ. "ಇಲ್ಲಿ ನೋಡು, ಇಲ್ಲಿಂದ ಬಾಗೈತಿ... ಮ್ಯಾಲ ಬಾ... ಇದು ನಡೂ ಕಲ್ಲು."

ಕಾಕು ಕಣ್ಣು ಮುಚ್ಚಿಕೊಂಡು, ಕಾಣದ ಕಲ್ಲಿನ ಮೇಲೆ ನಿಧಾನ ಕೈಯಾಡಿಸಿದಳು. "ಚಲೋ ಕಟ್ಟೀರಿ" ಎಂದಳು. ಮಾಯ್ ಹಗ್ಗ, ಕೊಡವನ್ನು ಸದ್ದಿಲ್ಲದೆ ಹೊರಗಿಟ್ಟಳು.

ಮಳೆ ನಿಂತ ಮೇಲೆ ಕಾಕಾ ಬಾಟಲಿಗಳನ್ನು ಮಾಯ್ ಮನೆಗೆ ಸಾಗಿಸಿ, ಕುಣಿಯ ಕಲ್ಲುಗಳನ್ನು ಒಂದೊಂದಾಗಿ ಬಿಡಿಸಿ, ಒಲೆಯ ಮೇಲೆ ಅದೇ ಕಮಾನಿನ ಅಟ್ಟ ಕಟ್ಟಿದ. ಜೋಳದ ಚೀಲ ಏರಿಸುವ ಮೊದಲು ಕಾಕು ತಾನೊಬ್ಬಳೇ ಏಣಿ ಹತ್ತಿ ಒಳಗೆ ಹೋದಳು. ಬಹಳ ಹೊತ್ತು ಇಳಿಯಲಿಲ್ಲ. ಕಾಕಾ ಕೆಳಗೆ ಏಣಿ ಹಿಡಿದುಕೊಂಡೇ ನಿಂತಿದ್ದ.